ಅಜವಾನದ ಹೊಗೆ, ಐದುನೂರು ಪೌಂಡಿನ ಬಾಂಬು

ಆ ದಿನ ಅಂಗಳ ಗುಡಿಸಿ ನೀರಿನ ಥಳಿ ಹೊಡೆದೆ. ಹಾಲು ಕಾಯಿಸಿ ಅತ್ತೆಯವರಿಗೆ ಬಿಪಿ ಗುಳಿಗೆ ಕೊಟ್ಟೆ. ನಲ್ಲಿ ನೀರು ಬಂದಿತ್ತು. ಕೊಡ, ಹಂಡೆ, ಡ್ರಮ್ಮು ತುಂಬಿಸಿದೆ. ರೊಟ್ಟಿ ಬಡಿದೆ, ಮಡಿಕೆಕಾಳಿನ ಪಲ್ಯ ಮಾಡಿದೆ. ಮಾಳಿಗೆಯ ಮೇಲೆ ಹೊಸ ಹೆಸರುಕಾಳು ಹರವಿದೆ. ಹುಬ್ಬಳ್ಳಿ ಕಡೆಯಿಂದ ಮೋಡ ಬಂತೆಂದು ಅರ್ಧ ಬಳಿದು ಚೀಲಕ್ಕೆ ತುಂಬಿದೆ. ಬಿಸಿಲು ಬಿದ್ದ ಮೇಲೆ ಮತ್ತೆ ಹರವಿದೆ. ಆಮೇಲೆ ಅಣ್ಣಿಗೇರಿಯ ನಮ್ಮ ಪಡಸಾಲೆಯಲ್ಲಿ ಕುಳಿತು, ಜರ್ಮನಿಯಲ್ಲಿದ್ದ ಮಗಳಿಗೆ ಎಣ್ಣೆ ಹಚ್ಚಿಸಿ ಎರೆಸಿದೆ, ಕೂಸಿಗೆ ಹೊಗೆ ಕೊಡಿಸಿದೆ.

ಬಾಣಂತನ ಫೋನಿನಲ್ಲಿ ಮಾಡುವುದುಂಟೇ ಎಂದು ಓಣಿಯ ಹೆಂಗಸರು ನಕ್ಕರು. ನಗಲಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಿತ್ತು, ಆಗಲಿಲ್ಲ. ಅಳಿಯ ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ರೋಗಿಗಳ ಮಗ್ಗುಲು ಬದಲಿಸುವುದರಿಂದ ಹಿಡಿದು ಸಲೈನು ಏರಿಸುವವರೆಗೆ ಎಲ್ಲ ಕೆಲಸ. ಮಗಳು ಹೋಗಿ ವರ್ಷವಾಗಿತ್ತು. ನಾನೇ ಹೋಗಿ ಎರೆದು ಬರೋಣವೆಂದರೆ ನನ್ನ ವೀಸಾ ಬರಲಿಲ್ಲ. ಅಂಟಿನುಂಡಿ, ಅಳ್ವಿ, ಕೊಬ್ಬರಿ ಖಾರ, ಅಜವಾನ, ಮಣ್ಣಿನ ಹೊಗೆಬಟ್ಟಲು ಎಲ್ಲ ಪರಿಚಯದವರ ಕೈಯಲ್ಲಿ ಕಳಿಸಿದೆ. ಉಳಿದದ್ದನ್ನು ಇಲ್ಲಿಂದ ಹೇಳುತ್ತಿದ್ದೆ, ಅವಳು ಅಲ್ಲಿ ಮಾಡುತ್ತಿದ್ದಳು.

ನಾನು ಹೇಳುವುದೇನು, ಹೇಳುವವರು ಅತ್ತೆಯವರು. ನಮ್ಮ ಮನೆಯ ಬಾಣಂತಿಯರಿಗೆಲ್ಲ ಎರೆದ ಕೈ ಅವರದು. ಅವರ ಕಟ್ಟಳೆಗಳಿಗೆ ಜರ್ಮನಿ, ಅಣ್ಣಿಗೇರಿ ಎಂಬ ಭೇದವಿರಲಿಲ್ಲ. ಬಾಣಂತಿ ಕಿವಿಯಲ್ಲಿ ಅರಳೆ ಇಟ್ಟುಕೊಂಡು ಮೇಲೆ ಸ್ಕಾರ್ಫು ಬಿಗಿಯಬೇಕು. ಕಿಟಕಿ ತೆಗೆಯಬಾರದು. ಎರೆದುಕೊಂಡ ಮೇಲೆ ಹೊದ್ದು ಮಲಗಬೇಕು, ಬೆವರು ಬರುವವರೆಗೆ ಯಾರೂ ಎಬ್ಬಿಸಬಾರದು. ಫೋನು ನೋಡಿದರೆ ಕಣ್ಣು ಹೋಗುತ್ತವೆ, ಅದಕ್ಕೆ ಫೋನು ಸ್ವಿಚ್ ಆಫ್ ಮಾಡಿ ಅಡುಗೆಮನೆಯ ಕಪಾಟಿನಲ್ಲಿ ಇಡಬೇಕು. ಆದರೆ ತೊಟ್ಟಿಲ ಬಾಜೂಕ್ಕೆ ಒಂದು ಟ್ಯಾಬು ನಿಲ್ಲಿಸಿ ಇಡೀ ದಿನ ವಿಡಿಯೋ ಕಾಲ್ ಹಚ್ಚಿಟ್ಟಿರಬೇಕು. ಅದು ಹೇಗೆ ನಡೆಯುತ್ತದೆ ಎಂದು ಕೇಳಿದ್ದಕ್ಕೆ, "ಅದು ಫೋನ್ ಎಲ್ಲೈತಿ? ಅದು ಟಿವಿ ಇದ್ದಂಗ," ಅಂದಿದ್ದರು. ಮರಿಮೊಮ್ಮಗನ ಮುಖ ನೋಡಬೇಕಲ್ಲ!

ಕಷ್ಟವಾದದ್ದು ಹೊಗೆಯಿಂದ. ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಚಿಟಿಕೆ ಲೋಬಾನ ಹಾಕಿ ಕೂಸನ್ನು ಅದರ ಮೇಲೆ ಆಡಿಸುವುದು ನಮ್ಮಲ್ಲಿ ದಿನದ ಪದ್ಧತಿ. ಮೊದಲ ಸಲ ಹೊಗೆ ಹಾಕಿದಾಗ ಅವರ ಮನೆಯ ಸೂರಿಗೆ ಹಚ್ಚಿದ ಗಂಟೆ ಚೀರಲಿಕ್ಕೆ ಹತ್ತಿತು. ಕೆಳಗಿನ ಮನೆಯ ಮುದುಕಿ ಮೆಟ್ಟಿಲೇರಿ ಬಂದು, ಕೈ ನಡುಗಿಸುತ್ತ ಏನೇನೋ ಒದರಿದಳು. ಮರುದಿನ ಕಟ್ಟಡ ನೋಡಿಕೊಳ್ಳುವವನು ಬಂದು, ಇನ್ನೊಮ್ಮೆ ಹೀಗಾದರೆ ಮನೆ ಬಿಡಬೇಕಾದೀತು ಎಂದು ಹೇಳಿಹೋದ. ಅಳಿಯ ಹೊಗೆಬಟ್ಟಲನ್ನು ಮಂಚದ ಕೆಳಗೆ ತಳ್ಳಿದ.

ಅಳಿಯನ ರಜೆ ಮುಗಿದು ಆ ದಿನವೇ ಅವನು ಮೊದಲ ಸಲ ಡ್ಯೂಟಿಗೆ ಹೋಗಿದ್ದ.

"ಅಂವ ಹೋದನೇನು?" ಅತ್ತೆ ಪರದೆಗೆ ಮೂಗು ತಾಗಿಸಿ ಕೇಳಿದರು.

"ಹೋದ್ರು, ಆಯಿ."

"ಹಂಗಾರ ಬಟ್ಟಲಾ ಹೊರಗ ತಗಿ."

"ಆ ಗಂಟಿ ಬಡಕೋತೈತಿ, ಆಯಿ."

"ಅದರ ಬಾಯಿಗೆ ಏನರ ಕಟ್ಟು."

ಮಗಳು ಕುರ್ಚಿ ಹತ್ತಿ, ಜಳಕದ ಹೊತ್ತಿಗೆ ತಲೆಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಟೊಪ್ಪಿಗೆಯನ್ನು ಗಂಟೆಗೆ ತೊಡಿಸಿದಳು. ಬಾಣಂತಿ ಕುರ್ಚಿ ಹತ್ತಿದ್ದು ನೋಡಿ ನಾನು ಬೈದೆ. ಹೊಗೆ ಎದ್ದಿತು, ಗಂಟೆ ಸುಮ್ಮನಿತ್ತು, ಕೂಸು ಒಂದೇ ಒಂದು ಸೀನು ಸೀನಿತು. ಅತ್ತೆಗೆ ಗೆದ್ದ ಹಿಗ್ಗು.

ಅಷ್ಟರಲ್ಲಿ ಹೊರಗೆ ದಾರಿಯಲ್ಲಿ ಮೈಕಿನ ಗಾಡಿ ಹೋದ ಸದ್ದು ಟ್ಯಾಬಿನೊಳಗಿಂದ ನಮಗೂ ಕೇಳಿಸಿತು. ನಮ್ಮೂರಲ್ಲಿ ಮೈಕು ಒದರದ ದಿನವಿಲ್ಲ. ಉಳ್ಳಾಗಡ್ಡಿ ಮಾರುವವನು, ಹಳೇ ಕಬ್ಬಿಣದವನು, ಕೊಳವೆಬಾವಿಯವನು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಗಳಿಗೆ ಆ ಭಾಷೆ ಸಂತೆಗಾಗುವಷ್ಟು ಬರುತ್ತಿತ್ತು, ಅದೂ ಅರಳೆ ಇಟ್ಟ ಕಿವಿ. ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲ ಬೆಲ್ಲು ಬಾರಿಸಿದರು. ಮತ್ತೊಮ್ಮೆ ಬಾರಿಸಿದರು. ಆಮೇಲೆ ಬಾಗಿಲು ಬಡಿದರು.

ಮಗಳು ಹೊಗೆಬಟ್ಟಲ ಮೇಲೆ ತಾಟು ಮುಚ್ಚಿದಳು. "ಹೊಗಿ ಸಲುವಾಗಿ ಬಂದಾರ, ಅವ್ವಾ."

"ತಗೀಬ್ಯಾಡ," ಅಂದರು ಅತ್ತೆ. "ಬಾಣಂತಿ ಬಾಗಲಕ್ಕ ಹೋಗೂದಿಲ್ಲ. ಮನ್ಯಾಗ ಯಾರೂ ಇಲ್ಲಂತ ತಿಳಕೊಂಡು ಹೋಗ್ತಾರ."

ಮಗಳು ಉಸಿರು ಬಿಗಿಹಿಡಿದು ಕುಳಿತಳು. ನಾವೂ ಬಿಗಿಹಿಡಿದೆವು. ಅತ್ತೆ ತಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಟ್ಯಾಬಿನಿಂದ ನಮ್ಮ ಮನೆಯ ಸದ್ದು ಅವರಿಗೆ ಕೇಳಿಸೀತೆಂದು ನಾನು ಅಡುಗೆಮನೆಗೆ ಓಡಿಹೋಗಿ ತಿರುಗುತ್ತಿದ್ದ ಮಿಕ್ಸರ್ ಆರಿಸಿದೆ. ಜರ್ಮನಿಯಲ್ಲಿ ಬಾಗಿಲು ಬಡಿಯುತ್ತಿದ್ದಾರೆ, ಅಣ್ಣಿಗೇರಿಯಲ್ಲಿ ನಾವಿಬ್ಬರು ಕಳ್ಳರಂತೆ ಕುಳಿತಿದ್ದೇವೆ. ಬೂಟಿನ ಸಪ್ಪಳ ಮೆಟ್ಟಿಲಿಳಿದು ಹೋಯಿತು.

"ನೋಡಿದೇನು? ಹೋದ್ರು," ಅಂದರು ಅತ್ತೆ. ಮಗಳು ನಕ್ಕು, ಹೊದ್ದು ಮಲಗಿದಳು. ಕೂಸೂ ಮಲಗಿತು.

ನಾನು ಊಟದ ತಾಟು ಹಾಕುವಷ್ಟರಲ್ಲಿ ನನ್ನ ಫೋನಿಗೆ ಅಳಿಯನ ಕರೆ ಬಂತು. ಅವನು ಎಂದೂ ದನಿ ಏರಿಸಿ ಮಾತಾಡಿದವನಲ್ಲ.

"ಅತ್ತೀರ, ಆಕಿ ಮನಿ ಬಿಟ್ಟು ಹೊರಗ ಬಿದ್ದಾಳೇನ್ರಿ?"

"ಎಲ್ಲಿ ಹೊರಗ? ಎರಕೊಂಡು ಮಲಗ್ಯಾಳ."

"ಅಯ್ಯೋ ದೇವ್ರೇ. ನಮ್ಮ ಓಣಿ ಹಿಂದ ಪಾಯಾ ತಗಿಯೋ ಮುಂದ ಬಾಂಬ್ ಸಿಕ್ಕೈತ್ರಿ. ಯುದ್ಧದ ಕಾಲದ್ದು, ವಿಮಾನದಿಂದ ಒಗದಿದ್ದು. ಸುತ್ತಿನ ಮನಿ ಎಲ್ಲಾ ಖಾಲಿ ಮಾಡಿಸ್ಯಾರ. ಮನಿಮನಿ ಬಾಗಲಾ ಬಡದು ಹೇಳ್ಯಾರಂತ, ಆಕಿಗೆ ಹೇಳಲಿಲ್ಲೇನು?"

ನನ್ನ ಕೈಯಲ್ಲಿದ್ದ ತಾಟು ಅಲ್ಲೇ ನಿಂತಿತು.

"ನನಗ ಒಳಗ ಬಿಡವಲ್ರು, ರಸ್ತೆ ಬಂದ್ ಮಾಡ್ಯಾರ. ಆಕಿ ಫೋನ್ ಬಂದ್ ಐತಿ. ಪೊಲೀಸರಿಗೆ ಹೇಳೇನಿ, ಮತ್ತ ಬಾಗಲಾ ಬಡೀತಾರ. ಆದ್ರ ಆಕಿ ತಗೀಬೇಕಲ್ರಿ! ಆ ಬಾಂಬಿಗೆ ಯಾವ ನಮೂನಿ ಫ್ಯೂಸ್ ಐತೋ ಗೊತ್ತಾಗಿಲ್ಲಂತ. ಒಂದು ನಮೂನಿ ಅಂತೂ ತಾನ ತಾನ ಸಿಡೀತೈತಿ, ಮುಟ್ಟೂದೂ ಬ್ಯಾಡ. ಎಬ್ಬಿಸ್ರಿ, ನಿಮ್ಮ ಕಾಲ್ ಬೀಳ್ತೀನಿ."

ಆ ಹೊತ್ತಿನಲ್ಲಿ ನನ್ನ ಮಗಳನ್ನು ಮುಟ್ಟಬಹುದಾದ ದಾರಿ ಲೋಕದಲ್ಲಿ ಒಂದೇ ಇತ್ತು. ಅದು ನಮ್ಮ ಪಡಸಾಲೆಯಲ್ಲಿ ತಂಬಿಗೆಗೆ ಆನಿಸಿ ನಿಲ್ಲಿಸಿದ್ದ ಅತ್ತೆಯ ಫೋನು. ಪರದೆಯಲ್ಲಿ ಅರ್ಧ ತೊಟ್ಟಿಲು, ಅದರಾಚೆ ಮಂಚ, ಮಂಚದ ಮೇಲೆ ಕಂಬಳಿಯ ಗುಡ್ಡೆ.

"ಅವ್ವೀ, ಏಳು! ಏ, ಏಳ ನನ್ನವ್ವ!" ಒದರಿದೆ. ಗುಡ್ಡೆ ಅಲುಗಲಿಲ್ಲ. ಕಿವಿಯಲ್ಲಿ ಅರಳೆ, ಮೇಲೆ ಸ್ಕಾರ್ಫು, ಅದರ ಮೇಲೆ ಎರಡು ಕಂಬಳಿ, ನಾನೇ ಹೇಳಿ ಹೊದಿಸಿದವು. ಮತ್ತೆ ಒದರಿದೆ. ಬಾಜೂ ಮನೆಯವರು ಹಣಿಕಿ ನೋಡಿದರು.

ಅತ್ತೆ ನನ್ನ ಮೊಣಕೈ ಹಿಡಿದು ಜಗ್ಗಿದರು. ಬಾಣಂತಿಯನ್ನು ಒದರಿ ಎಬ್ಬಿಸಬಾರದು, ಬೆಚ್ಚಿಬಿದ್ದರೆ ಹಾಲು ಬತ್ತುತ್ತದೆ ಎಂದು ಸಾರಿಕೊಂಡು ಬಂದವರು ಅವರೇ. ಬೈಯುತ್ತಾರೆಂದು ತಿಳಿದೆ. ಅವರು, "ಆಕೀನ ಎಬ್ಬಿಸಿದ್ರ ಏಳೂದಿಲ್ಲ. ಕೂಸಿನ ಎಬ್ಬಿಸು," ಅಂದರು. "ತಾಟು ತಾ."

ಹಿತ್ತಾಳೆ ತಾಟು, ಕಬ್ಬಿಣದ ಸೌಟು. ಎಂಬತ್ತರ ಹತ್ತಿರದ ಮುದುಕಿ ಫೋನಿನ ಮೂತಿಗೆ ತಾಟು ಹಿಡಿದು ಗಣಗಣ ಬಾರಿಸಿದರು. ತೊಟ್ಟಿಲಲ್ಲಿ ಒಂದು ಪುಟ್ಟ ಮುಷ್ಟಿ ಎದ್ದಿತು. ಮತ್ತೆ ಬಾರಿಸಿದರು. ಕೂಸು ಮುಖ ಕೆಂಪಗೆ ಮಾಡಿ, ಒಂದು ಗಳಿಗೆ ದನಿಯಿಲ್ಲದೆ ಬಾಯಿ ತೆರೆದು, ಆಮೇಲೆ ಕಿಟಾರನೆ ಕಿರುಚಿತು. ಅಷ್ಟು ಒದರಿದರೂ ಅಲುಗದ ಕಂಬಳಿಯ ಗುಡ್ಡೆ ಆ ಒಂದು ಕಿರುಚಿಗೆ ಎದ್ದು ಕುಳಿತಿತು.

"ಯಾಕ ಬಾರಸ್ಲಿಕತ್ತೀರಿ? ಹುಚ್ಚ ಹಿಡದೈತೇನು?" ಅಂದಳು ಮಗಳು. ಅವಳ ಆ ಸಿಟ್ಟಿನ ದನಿ ಕೇಳಿ ನನಗೆ ಅಳು ಬಂತು.

"ಅರಳಿ ತಗಿ! ಕಿವ್ಯಾನ ಅರಳಿ ತಗಿ!" ಎಂದು ಕೈಸನ್ನೆ ಮಾಡಿದೆ. ತೆಗೆದಳು. ಹೇಳಿದೆ. ಕೂಸನ್ನು ಸುತ್ತಿ ಎದೆಗೆ ಕಟ್ಟಿಕೊಂಡಳು, ಚೀಲಕ್ಕೆ ಕೂಸಿಗೆ ಹೊದಿಸುವ ನಾಲ್ಕು ದುಪಟಿ ತುರುಕಿದಳು. ಬೆಲ್ಲು ಮತ್ತೆ ಬಾರಿಸಿದರು. ಈ ಸಲ ಅತ್ತೆಯೇ, "ತಗೀ, ತಗೀ, ಲಗೂನ ಬಾಗಲಾ ತಗೀ!" ಎಂದು ಕೂಗಿದರು. ಬಾಗಿಲು ತೆರೆದ ಸದ್ದು, ಗಂಡಸರ ಮಾತು, ಮೆಟ್ಟಿಲ ಸಪ್ಪಳ. ಆಮೇಲೆ ಏನೂ ಇಲ್ಲ.

ಗಡಿಬಿಡಿಯಲ್ಲಿ ಟ್ಯಾಬು ಅಲ್ಲೇ ಉಳಿದಿತ್ತು. ಖಾಲಿ ತೊಟ್ಟಿಲು ನಮಗೆ ಕಾಣುತ್ತಲೇ ಇತ್ತು. ಅತ್ತೆ ಅದರ ಮುಂದಿನಿಂದ ಏಳಲಿಲ್ಲ. "ಅದು ಆರಬಾರದು," ಎನ್ನುತ್ತಿದ್ದರು. ನಾನು ಚಾರ್ಜರ್ ತಂದು ಚುಚ್ಚಿದೆ.

ನಮ್ಮ ಮನೆಯವರು ಕಾಳಿನ ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಸುದ್ದಿ ಕೇಳಿ, ಮಾರ್ಕೆಟ್ಟಿನಲ್ಲಿ ಹೆಸರಿನ ಹಂಗಾಮು ನಡೆದಿದ್ದರೂ ಬಿಟ್ಟು ಬಂದರು. ಅವರು ಚಪ್ಪಲಿ ಬಿಡುವುದರೊಳಗೆ ಅಳಿಯನ ಕರೆ ಬಂತು. ಅವನಿದ್ದದ್ದು ಒಂದು ಶಾಲೆಯ ದೊಡ್ಡ ಹಾಲಿನಲ್ಲಿ. ಮಗಳನ್ನೂ ಕೂಸನ್ನೂ ಅಗ್ನಿಶಾಮಕದವರು ತಮ್ಮ ಗಾಡಿಯಲ್ಲಿ ಅಲ್ಲಿಗೆ ತಂದಿದ್ದರು. ಕೂಸು ಮೊಲೆ ಕುಡಿದು ಅವನ ತೊಡೆಯ ಮೇಲೆ ತೇಗುತ್ತಿತ್ತಂತೆ. ನಾನು ಅಲ್ಲೇ ಗೋಡೆಗೆ ಆನಿ ನೆಲಕ್ಕೆ ಕುಳಿತುಬಿಟ್ಟೆ. ಅತ್ತೆ ಖಾಲಿ ತೊಟ್ಟಿಲಿನಿಂದ ಕಣ್ಣು ತೆಗೆಯದೆ, "ಕಿವಿಗೆ ಅರಳಿ ಇಟ್ಟಾಳೋ ಇಲ್ಲೋ ಕೇಳು," ಅಂದರು.

ಇನ್ನು ಕಾಯುವುದಷ್ಟೆ ಉಳಿದಿತ್ತು. ಒಂದು ಮನೆಯಲ್ಲೂ ಜನ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಬಾಂಬಿನವರು ಕೆಲಸಕ್ಕೆ ಕೈ ಹಚ್ಚುತ್ತಾರಂತೆ. ನಮ್ಮ ಮಗಳ ಮನೆಯೇ ಕಡೆಯದು. ಗಂಡಸರಿಗೆ ಕಾಯುವುದು ಬರುವುದಿಲ್ಲ, ಮಾತಾಡಬೇಕು.

"ಎಷ್ಟ ದೊಡ್ಡದೈತಿ ಅದು?" ಮನೆಯವರು ಅಳಿಯನನ್ನು ಕೇಳಿದರು.

"ಐದುನೂರು ಪೌಂಡಿಂದಂತ್ರಿ, ಮಾವಾರ."

"ಪೌಂಡ್ ಬಿಡೋ, ಕೆಜಿ ಹೇಳು."

"ಎರಡನೂರಾ ಇಪ್ಪತ್ತು, ಮ್ಯಾಲೆ ಸ್ವಲ್ಪ."

"ಅಂದ್ರ ಐವತ್ತ ಕೆಜಿದು ನಾಕೂವರಿ ಚೀಲ ಹೆಸರು," ಎಂದು ಅವರು ನಮ್ಮ ಕಡೆ ತಿರುಗಿ ಹೇಳಿದರು, ಈಗ ಎಲ್ಲ ತಿಳಿಯಿತು ಎನ್ನುವ ಹಾಗೆ. ಬಾಂಬಿನಲ್ಲಿ ಸುಮಾರು ಅರ್ಧ ಉಕ್ಕು, ಅರ್ಧ ಮದ್ದು ಎಂದ ಅಳಿಯ. ಇಂಗ್ಲೆಂಡು, ಅಮೆರಿಕದ ವಿಮಾನಗಳು ಹೆಚ್ಚಾಗಿ ಒಗೆದದ್ದು ಈ ಅಳತೆಯವೇ ಅಂತೆ; ಇದರ ಎರಡು ಪಟ್ಟಿನವೂ ಇದ್ದವು. ಇಂಗ್ಲೆಂಡಿನವರ ಹತ್ತಿರ ನಾಲ್ಕು ಸಾವಿರ ಪೌಂಡಿನ ಒಂದು ಜಾತಿ ಬೇರೆ ಇತ್ತಂತೆ, ನೋಡಲಿಕ್ಕೆ ಪೀಪಾಯಿಯ ಹಾಗೆ. ಮೂವತ್ತಾರು ಚೀಲ, ಒಂದು ಟ್ರ್ಯಾಕ್ಟರ್ ಲೋಡು ಎಂದರು ಮನೆಯವರು.

"ತಾನ ಸಿಡೀತೈತಿ ಅಂದಿ, ಅದ್ಹೆಂಗ?" ನಾನು ಕೇಳಿದೆ. ನನಗೆ ಬೇಕಾದದ್ದು ಅದು.

ಹಾಲಿನಲ್ಲಿದ್ದ ಅಗ್ನಿಶಾಮಕದವನೊಬ್ಬನಿಂದ ತಿಳಿದುಕೊಂಡು ಅಳಿಯ ಹೇಳಿದ. ಆ ಜಾತಿಯ ಬಾಂಬಿನ ಹಿಂಬದಿಯಲ್ಲಿ ಒಂದು ಗಾಜಿನ ಬುರುಡೆ. ಅದರಲ್ಲಿ ಉಗುರುಬಣ್ಣ ಒರೆಸುವ ಎಣ್ಣೆ ಇರುತ್ತದಲ್ಲ, ಅಂಥದೇ ದ್ರಾವಣ. ಬಾಂಬು ಬೀಳುವಾಗ ಬುರುಡೆ ಒಡೆದು ದ್ರಾವಣ ಒಂದು ಬಿಲ್ಲೆಯನ್ನು ನಿಧಾನಕ್ಕೆ ಕರಗಿಸುತ್ತದೆ. ಬಿಲ್ಲೆ ಕರಗಿದಾಗ ಅದು ತಡೆದಿದ್ದ ಮೊಳೆ ಬಿಟ್ಟುಕೊಂಡು ಬಾಂಬು ಸಿಡಿಯುತ್ತದೆ. ಬಿದ್ದು ಗಂಟೆಗಟ್ಟಲೆ ಆದ ಮೇಲೆ, ಕೆಲವು ದಿನಗಟ್ಟಲೆ ಆದ ಮೇಲೆ. ಜನ ನೆಲಮಾಳಿಗೆಯಿಂದ ಹೊರಬಂದು ಬೆಂಕಿ ಆರಿಸುತ್ತಿರುವಾಗ ಸಿಡಿಯಲಿ ಎಂದೇ ಹಾಗೆ ಮಾಡಿದ್ದು. ಮಣ್ಣು ಮೆತ್ತಗಿದ್ದಲ್ಲಿ ಕೆಲವು ಒಳಹೊಕ್ಕು ತಿರುಗಿ, ಮೂತಿ ಮೇಲಾಗಿ ನಿಂತುಬಿಟ್ಟವು. ದ್ರಾವಣ ಬಿಲ್ಲೆಗೆ ಮುಟ್ಟಲಿಲ್ಲ. ಸಿಡಿಯಲಿಲ್ಲ. ಬಿಲ್ಲೆ ಮಾತ್ರ ಇಷ್ಟು ವರ್ಷ ಮಣ್ಣಿನಲ್ಲಿ ತಾನೇ ಸವೆಯುತ್ತ ಕುಳಿತಿದೆ.

ನಮ್ಮ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಸೌಟು, ಕುಡಗೋಲು ನುಂಗುವುದನ್ನು ನೋಡಿದ್ದೇನೆ. ಮಳೆಗಾಲಕ್ಕೆ ಕೂಡಿಕೊಂಡರೆ ಮೇಲೆ ಏನೂ ಗೊತ್ತಾಗುವುದಿಲ್ಲ, ಅದರ ಮೇಲೆಯೇ ಬಿತ್ತುತ್ತೇವೆ. ಆ ಊರಿನವರೂ ಅದರ ಮೇಲೆಯೇ ಮನೆ ಕಟ್ಟಿ, ತೊಟ್ಟಿಲು ತೂಗಿದ್ದರು.

"ಇದು ಆ ಜಾತಿದೇನು ಮತ್ತ?"

"ಇನ್ನೂ ಹೇಳಿಲ್ರಿ."

ಮನೆಯವರು ಎದ್ದು ಮಾಳಿಗೆ ಹತ್ತಿ ಕಾಳು ಬಳಿಯಲಿಕ್ಕೆ ಹೋದರು. ಅತ್ತೆ ತೊಟ್ಟಿಲು ನೋಡುತ್ತಿದ್ದರು. ಫೋನಿನಲ್ಲಿ ಒಮ್ಮೆ ಅಲ್ಲಿಯ ಕಿಟಕಿಯ ಪರದೆಯ ಬೆಳಕು ಬದಲಾದದ್ದಕ್ಕೇ ಇಬ್ಬರೂ ಬೆಚ್ಚಿಬಿದ್ದೆವು; ಮೋಡ ಸರಿದದ್ದು.

ಮುಂದಿನ ಕರೆ ವಿಡಿಯೋದಲ್ಲಿ ಬಂತು. ಮಗಳ ಬಾಜೂಕ್ಕೆ ಒಬ್ಬ ಮುದುಕಿ, ತೋಳಿಲ್ಲದ ಸ್ವೆಟರು, ಕೈಯಲ್ಲಿ ಕೋಲು.

"ಈಕಿನ ಅವ್ವಾ, ಕೆಳಗಿನ ಮನ್ಯಾಕಿ," ಮಗಳು ಪಿಸುಗುಟ್ಟಿದಳು. ಮುದುಕಿ ಕೂಸಿನ ನೆತ್ತಿಗೆ ಮೂಗು ಹಚ್ಚಿ ಮೂಸಿದಳು. ಅಜವಾನದ ವಾಸನೆ ಇನ್ನೂ ಇತ್ತು. ನಾನು ಈಗ ಬೈಗುಳ ಬಂತೆಂದು ಕಾದೆ. ಅವಳು ಅಳಿಯನಿಗೆ ಏನೋ ಮೆಲ್ಲಗೆ ಹೇಳತೊಡಗಿದಳು, ಅವನು ತಡೆತಡೆದು ನಮಗೆ ಹೇಳಿದ.

ಅವಳು ಸಣ್ಣವಳಿದ್ದಾಗ ಇದೇ ಊರಿನಲ್ಲಿ ತಾಯಿಯ ಜೊತೆ ನೆಲಮಾಳಿಗೆಯಲ್ಲಿ ಕೂಡುತ್ತಿದ್ದಳಂತೆ. ಮೊದಲು ಆ ಪೀಪಾಯಿಯಂಥವು ಬೀಳುತ್ತಿದ್ದವು. ತೆಳು ತಗಡು, ತುಂಬ ಮದ್ದು. ಅವು ನೆಲದೊಳಗೆ ಹೋಗುವವಲ್ಲ, ಮೇಲೆಯೇ ಸಿಡಿದು ಓಣಿಗಟ್ಟಲೆ ಹಂಚು, ಕಿಟಕಿ ಹಾರಿಸುವವು. ಹಂಚು ಹಾರಿದ ಮನೆಗಳೊಳಗೆ ಆಮೇಲೆ ಬೆಂಕಿಯ ಕೋಲುಗಳು ಬೀಳುತ್ತಿದ್ದವು. ಆರು ಮೂಲೆಯವು, ಮೊಳಕ್ಕಿಂತ ತುಸು ಉದ್ದ, ಕಬ್ಬಿನ ತುಂಡು ಸುರಿದ ಹಾಗೆ ಸಾವಿರ ಸಾವಿರ. ಬೆಳ್ಳಗೆ ಉರಿಯುವವು. ನೀರು ಹಾಕಿದರೆ ಇನ್ನೂ ಸಿಡಿಯುವವು, ಮರಳೇ ಹಾಕಬೇಕು. ಒಮ್ಮೆ ತಾಯಿ ಅವಳನ್ನು ತೋಯಿಸಿದ ಕಂಬಳಿಯಲ್ಲಿ ಸುತ್ತಿಕೊಂಡು ಹೊರಗೆ ಓಡಿದಳಂತೆ. ಮೆಟ್ಟಿಲ ಮೇಲಿಂದ ಹೊಗೆ ಇಳಿದು ಬಂದರೆ ಇವತ್ತಿಗೂ ಅವಳ ಕೈ ನಡುಗುತ್ತವೆ. ಅದಕ್ಕೆ ಆ ದಿನ ಒದರಿದೆ, ಸಿಟ್ಟಿನಿಂದಲ್ಲ, ಎಂದಳಂತೆ.

ಅತ್ತೆ ಮೊದಲ ಸಲ ತೊಟ್ಟಿಲಿನಿಂದ ಕಣ್ಣು ಕಿತ್ತು ನನ್ನ ಫೋನಿನಲ್ಲಿದ್ದ ಆ ಮುಖ ನೋಡಿದರು. "ನನಗಿಂತ ದೊಡ್ಡಾಕಿ ಅದಾಳ," ಅಂದರು. ನನ್ನ ಕಡೆ ತಿರುಗಿ, "ಹೊಗಿ ಬ್ಯಾಡ ಬಿಡು ಇನ್ನ. ಅಜವಾನ ಅರಬ್ಯಾಗ ಗಂಟ ಕಟ್ಟಿ, ಹಂಚಿನ ಮ್ಯಾಲ ಕಾಸಿ, ಕೂಸಿನ ಎದಿಗೆ ಒತ್ತು ಅಂತ ಹೇಳು. ಅದೂ ನಡೀತೈತಿ."

ನನ್ನ ಎರಡೂ ಬಾಣಂತನಗಳಲ್ಲಿ ಕಣ್ಣುರಿ ಎಂದು ಎಷ್ಟು ಗೋಗರೆದರೂ ಒಂದು ದಿನ ಹೊಗೆ ತಪ್ಪಿಸಿದವರಲ್ಲ. ನಾನು ಅವರ ಮುಖವನ್ನೇ ನೋಡಿದೆ.

"ಏನ ನೋಡ್ತಿ? ನಿನಗ ಯಾರ ಬಾಂಬ್ ಒಗದಿದ್ರು?" ಅಂದರು.

ಆಗ ಹಾಲಿನಲ್ಲಿ ಗದ್ದಲ ಎದ್ದಿತು. ಜನ ಚಪ್ಪಾಳೆ ತಟ್ಟುತ್ತಿದ್ದರು. ಅಳಿಯನ ದನಿ ಆ ಗದ್ದಲದೊಳಗೆ ಮುಳುಗಿ ಎದ್ದಿತು: "ಮಾವಾರ, ಸಾದಾ ಫ್ಯೂಸ್ ಅಂತ! ಬಿದ್ದ ಕೂಡ್ಲೆ ಸಿಡಿಯೋ ನಮೂನಿದು. ಕರಗೂದಲ್ಲ! ಬಿಚ್ಚಿ ತಗದ್ರಂತ, ಮುಗೀತ್ರಿ!"

"ಮುಗೀತು," ಎಂದು ಮನೆಯವರು ಮಾಳಿಗೆಯ ಮೆಟ್ಟಿಲ ಮೇಲೆ ನಿಂತೇ ಹೇಳಿದರು. ಅವರ ತಲೆಯ ತುಂಬ ಹೆಸರಿನ ಹೊಟ್ಟು. ನಾನು ದೇವರ ಮುಂದೆ ದೀಪ ಹಚ್ಚಿದೆ. ಹೇಗೂ ದೀಪ ಹಚ್ಚುವ ಹೊತ್ತಾಗಿತ್ತು.

ಅವರು ಮನೆಗೆ ಮರಳಿದ್ದು ನಾವು ಫೋನಿನಲ್ಲೇ ನೋಡಿದೆವು. ಮೊದಲು ಬಾಗಿಲ ಸದ್ದು, ಆಮೇಲೆ ಪರದೆಯ ತುಂಬ ಅಳಿಯನ ಹೊಟ್ಟೆ, ಆಮೇಲೆ ತೊಟ್ಟಿಲೊಳಗೆ ಕೂಸು ಇಳಿದು ಬಂತು. ಅಳಿಯ ಸೂರು ನೋಡಿದ. ಅಲ್ಲಿ ಗಂಟೆಗೆ ತೊಡಿಸಿದ ಟೊಪ್ಪಿಗೆ ಹಾಗೇ ಇತ್ತು.

"ಇದೇನಿದು?" ಅಂದ.

ಅತ್ತೆ, "ನಾನ ಹಾಕ್ಸೀನಿ. ಏನೀಗ?" ಅಂದರು. ಅವನು ನಕ್ಕುಬಿಟ್ಟ. ನಗುತ್ತ ನಗುತ್ತ ಕುರ್ಚಿಯ ಮೇಲೆ ಕುಳಿತು ಕಣ್ಣೊರೆಸಿಕೊಂಡ. ಅದರಲ್ಲಿ ಎಷ್ಟು ನಗು ಎಷ್ಟು ಅಳು ನನಗೆ ಹೇಳಲಾಗದು.

ರಾತ್ರಿ ನಮ್ಮಲ್ಲಿ ಊಟಕ್ಕೆ ಜೋಳದ ನುಚ್ಚು, ಮಜ್ಜಿಗೆ, ಶೇಂಗಾ ಚಟ್ನಿಯ ಹಿಂಡಿ, ಹಸಿ ಉಳ್ಳಾಗಡ್ಡಿ. ಮನೆಯವರು ಮೂರು ಸಲ ಹಾಕಿಸಿಕೊಂಡರು. ಅಲ್ಲಿ ಮಗಳಿಗೆ ಅಳಿಯ ಮೆತ್ತಗೆ ಅನ್ನ ಮಾಡಿ, ತುಪ್ಪ, ಬೆಳ್ಳುಳ್ಳಿ ಖಾರ ಹಾಕಿ ಕಲಸಿ ಕೊಟ್ಟ. ಕೆಳಗಿನ ಮುದುಕಿ ಒಂದು ಬಟ್ಟಲು ಸೇಬಿನ ಹಣ್ಣಿನ ಪಲ್ಯದಂಥದೇನೋ ಕಳಿಸಿದ್ದಳು, ಅದನ್ನೂ ತಿಂದರು. ಬಾಣಂತಿಗೆ ಅದು ಥಂಡಿ ಎಂದು ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಕೂಸು ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಎಚ್ಚರವಾಗಿಯೇ ಇತ್ತು. ಅತ್ತೆ ಫೋನಿನ ಮುಂದೆ ಕುಳಿತು ಜೋಗುಳ ಹಾಡಲಿಕ್ಕೆ ಹತ್ತಿದರು. ಎರಡು ಸಾಲು ಹಾಡಿ, ಮೂರನೆಯದಕ್ಕೆ ಗೋಡೆಗೆ ತಲೆ ಆನಿಸಿ, ಎಲ್ಲರಿಗಿಂತ ಮೊದಲು ಅವರೇ ನಿದ್ದೆಹೋದರು.